ತೋಳಿನೊಳಗೆ ತೂರಿಸಿದ ಚೀಟಿ

"ನಿಮ್ಮನ್ನ ಬೀಗರೇ ಅಂತ ಕರೀಬೇಕೋ, ಏಯ್ ಅಣ್ಣಾ, ಆ ನೀಲಿದು ತೆಗೆದು ತೋರ್ಸು ಅಂತ ಕರೀಬೇಕೋ? ನೀವೇ ಹೇಳ್ಬಿಡಿ ಮಾರಾಯ್ರೇ!"

ಶಿವಮೊಗ್ಗದ ದುರ್ಗಿಗುಡಿಯ ಒಂದು ಬಟ್ಟೆ ಅಂಗಡಿ, ಮೇಲಿನ ಮಹಡಿ. ಭಾನುವಾರ, ಮದುವೆ ಸೀಸನ್ನು, ಕಾಲಿಡಲು ಜಾಗವಿಲ್ಲ. ಮಾತು ಬಿಸಾಕಿದವರು ಗಂಡಿನ ಸೋದರಮಾವ ರುದ್ರೇಶ್. ಬಿದ್ದದ್ದು ಹೆಣ್ಣಿನ ತಂದೆ ಉಜ್ಜನಪ್ಪನವರ ಮೇಲೆ. ಗಂಡಿನ ಕಡೆಯವರು ನಗುತ್ತಾರೆ. ಪಕ್ಕದ ಕೌಂಟರಿನಲ್ಲಿ ಶರ್ಟ್ ನೋಡುತ್ತಿದ್ದವರು, ಸಂಬಂಧವೇ ಇಲ್ಲದವರು, ಅವರೂ ತಿರುಗಿ ನಗುತ್ತಾರೆ. ಉಜ್ಜನಪ್ಪ ಕೂಡ ನಗುತ್ತಾರೆ. ಇಂಥ ಹೊತ್ತಲ್ಲಿ ಹೆಣ್ಣು ಕೊಡುವವನು ನಗಲೇಬೇಕು ಅಂತ ಈ ಸಮಾಜ ಅವರಿಗೆ ಬಾಯಿಪಾಠ ಮಾಡಿಸಿಟ್ಟಿದೆ.

ರುದ್ರೇಶ್ ಆಡಿದ ಮಾತಿಗೆ ಕಾರಣ ಇಷ್ಟೇ. ಇದೇ ಮಹಡಿಯಲ್ಲಿ, ಇದೇ ಕೌಂಟರಿನ ಆಚೆ ಬದಿಗೆ ನಿಂತು ಉಜ್ಜನಪ್ಪ ಇಪ್ಪತ್ತಾರು ವರ್ಷದಿಂದ ಸೂಟು ಮಾರುತ್ತಿದ್ದಾರೆ. ಈಚೆ ಬದಿಗೆ, ಗಿರಾಕಿಯಾಗಿ ನಿಂತಿರುವುದು ಇದೇ ಮೊದಲು. ಮಗಳು ಅಮೂಲ್ಯಳ ಮದುವೆ ಗೊತ್ತಾಗಿದೆ. ರಿಸೆಪ್ಷನ್ನಿಗೆ ಅಳಿಯನಿಗೆ ಸೂಟು ಕೊಡಿಸುವುದು ಹೆಣ್ಣಿನ ಕಡೆಯವರ ಪಾಲಿಗೆ ಬರುವ ಖರ್ಚು. ನಮ್ಮ ಅಜ್ಜಂದಿರೆಲ್ಲ ಪಂಚೆ ಉಟ್ಟು, ಶಲ್ಯ ಹೊದ್ದು ಮದುವೆಯಾದವರು. ಅವರ ಕಾಲದ ಯಾವ ಶಾಸ್ತ್ರದಲ್ಲೂ ಸೂಟಿರಲಿಲ್ಲ. ಅದು ಬಂದದ್ದು ಮೊನ್ನೆ ಮೊನ್ನೆ. ಬಂದ ಕೂಡಲೇ ಅದನ್ನೂ ಹೆಣ್ಣಿನಪ್ಪನ ಹೆಗಲಿಗೆ ಹೊರಿಸಿ, "ನಮ್ಮಲ್ಲಿ ಮೊದಲಿಂದ್ಲೂ ಹೀಗೇ" ಅಂದುಬಿಟ್ಟರು. ಯಾವ ಮೊದಲು ಅಂತ ಯಾರೂ ಕೇಳಲಿಲ್ಲ.

ಉಜ್ಜನಪ್ಪನವರ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಬೆಳಕು ಸರಿಯಾಗಿ ಹರಿಯುವ ಮೊದಲೇ ಅವರು ಬಸ್ ಸ್ಟ್ಯಾಂಡಿನಲ್ಲಿ ಇರುತ್ತಾರೆ. ಶಿವಮೊಗ್ಗದ ದಾರಿಯಲ್ಲಿ ಮಲವಗೊಪ್ಪ ದಾಟುವಾಗ ಕಿಟಕಿಯಲ್ಲಿ ಬಿಸಿಲು ಬರುತ್ತದೆ. ಅಂಗಡಿಯ ಶಟರ್ ಎತ್ತುವುದು ಮಾಲೀಕರ ಕೆಲಸವಲ್ಲ, ಇವರದ್ದೇ. ಗಿರಾಕಿ ಬರುವುದಕ್ಕೆ ಇನ್ನೂ ಎರಡು ಗಂಟೆ ಇರುತ್ತದೆ. ಅಷ್ಟರೊಳಗೆ ಒಂದೊಂದೇ ಕೋಟನ್ನು ಇಳಿಸಿ ಬ್ರಶ್ ಹೊಡೆಯುತ್ತಾರೆ, ಹಿಂದಿನ ದಿನ ಹತ್ತು ಜನ ತೊಟ್ಟು ಬಿಸಾಡಿದ ತೋಳುಗಳನ್ನು ನೇರ ಮಾಡುತ್ತಾರೆ, ಸಡಿಲಾದ ಗುಂಡಿಗೆ ದಾರ ಹಾಕುತ್ತಾರೆ.

"ರಾತ್ರಿಯೆಲ್ಲ ಮುದುರಿ ಮಲಗಿರ್ತಾವೆ ಇವು. ಬೆಳಿಗ್ಗೆ ಎಬ್ಬಿಸ್ಬೇಕು" ಎನ್ನುತ್ತಾರೆ, ಮಕ್ಕಳ ವಿಷಯ ಹೇಳಿದ ಹಾಗೆ.

ಉಜ್ಜನಪ್ಪನವರ ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಅಪ್ಪನ ಕೆಲಸ ಹೋದ ವರ್ಷವೇ ಮಗನ ಎಸ್ಸೆಸ್ಸೆಲ್ಸಿಯೂ ಹೋಯಿತು. ತಾಯಿ ಹುಚ್ಚಮ್ಮ ಕೈಹಿಡಿದು ಕರೆದುಕೊಂಡು ಹೋಗಿ ಒಬ್ಬ ದರ್ಜಿಯ ಹತ್ತಿರ ಬಿಟ್ಟರು. ಅಲ್ಲಿ ಕಾಜಾ ಹೊಲಿಯುವುದು, ಗುಂಡಿ ಹಾಕುವುದು. ಅಲ್ಲಿಂದ ಈ ಅಂಗಡಿ. ಮೊದಲು ಬಟ್ಟೆಯ ಥಾನು ಬಿಚ್ಚುವ, ಸುತ್ತುವ ಕೆಲಸ, ರೆಡಿಮೇಡ್ ಬಂದ ಮೇಲೆ ಸೂಟಿನ ವಿಭಾಗ. ಕಾರ್ಖಾನೆ ಕೂಲಿಗಳ ಸಾಲುಮನೆಯ ಲೈನಿನಲ್ಲಿ ಬೆಳೆದವರಾದ್ದರಿಂದ ತಮಿಳು, ತೆಲುಗು ನಾಲಿಗೆಗೆ ತಾನಾಗಿ ಬಂದಿವೆ. ಭದ್ರಾವತಿಯ ಎಷ್ಟೋ ಮನೆಯವರು "ಉಜ್ಜನಪ್ಪ ಇದಾರಾ?" ಎಂದು ಕೇಳಿಕೊಂಡೇ ಮೆಟ್ಟಿಲು ಹತ್ತುತ್ತಾರೆ.

ಕೋಟು ತೊಡಿಸುವವನು ಯಾವತ್ತೂ ಹಿಂದೆ ನಿಲ್ಲಬೇಕು. ಗಿರಾಕಿ ಕೈ ಹಿಂದೆ ಚಾಚುತ್ತಾನೆ, ಇವರು ತೋಳು ಏರಿಸುತ್ತಾರೆ, ಕಾಲರ್ ಸರಿಪಡಿಸುತ್ತಾರೆ. ಕನ್ನಡಿಯಲ್ಲಿ ಉಜ್ಜನಪ್ಪನವರ ಮುಖ ಕಾಣುವುದು ಯಾವಾಗಲೂ ಯಾರದೋ ಹೆಗಲಿನ ಆಚೆ, ಅರ್ಧ. ಫೋಟೋ ಹೊಡೆಯುವವರು ಆ ಅರ್ಧವನ್ನೂ ಬಿಟ್ಟು ಹೊಡೆಯುತ್ತಾರೆ. "ಅಣ್ಣ, ಸ್ವಲ್ಪ ಸೈಡಿಗೆ."

ಸೂಟು ಆರಿಸುವುದು ಹೇಗೆ ಅಂತ ಕೇಳಿದರೆ ಅವರ ಮಾತು ಹೆಗಲಿನಿಂದಲೇ ಶುರುವಾಗುತ್ತದೆ. "ತೋಳು ಉದ್ದ ಆದ್ರೆ ಕಮ್ಮಿ ಮಾಡ್ಬೋದು. ಸೊಂಟ ಲೂಸಾದ್ರೆ ಹಿಡಿಸ್ಬೋದು. ಹೆಗಲು ಕೂರ್ಲಿಲ್ಲ ಅಂದ್ರೆ ಕೈಮುಗಿದು ವಾಪಸ್ ಇಡಿ, ಅದನ್ನ ಸರಿ ಮಾಡಕ್ಕೆ ಹೋಗ್ಬೇಡಿ." ಆಮೇಲೆ ಬಟ್ಟೆ. ತೋಳಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡುತ್ತಾರೆ. ಒಳ್ಳೆಯ ಉಣ್ಣೆಯಾದರೆ ಸುಕ್ಕು ತಾನೇ ಬಿಚ್ಚಿಕೊಳ್ಳುತ್ತದೆ. ಕಳಪೆಯಾದರೆ ಮುನಿಸಿಕೊಂಡ ಮುಖದ ಹಾಗೆ ಹಾಗೇ ಇರುತ್ತದೆ. ಬಣ್ಣವನ್ನು ಮಾತ್ರ ಅಂಗಡಿಯ ದೀಪದಲ್ಲಿ ನಂಬಬಾರದು. ಟ್ಯೂಬ್‌ಲೈಟಿನ ಕೆಳಗೆ ಕಡುನೀಲಿಯೂ ಕಪ್ಪೇ. ಕೋಟನ್ನು ಕೈಮೇಲೆ ಹಾಕಿಕೊಂಡು, ಮೆಟ್ಟಿಲಿಳಿದು, ರಸ್ತೆಯ ಬಿಸಿಲಿಗೆ ಹಿಡಿದು ತೋರಿಸುತ್ತಾರೆ. ಕೊನೆಯದಾಗಿ ಒಂದು ಪರೀಕ್ಷೆ. "ಈಗ ಕೈಮುಗೀರಿ. ಹಾಗೇ ಬಗ್ಗಿ, ಕಾಲಿಗೆ ನಮಸ್ಕಾರ ಮಾಡಿ" ಎನ್ನುತ್ತಾರೆ. ಹುಡುಗರು ನಾಚಿಕೊಂಡು ಖಾಲಿ ನೆಲಕ್ಕೆ ನಮಸ್ಕಾರ ಮಾಡುತ್ತಾರೆ.

"ನಮ್ ಕಡೆ ಮದುಮಗ ಸ್ಟೇಜ್ ಮೇಲೆ ಸುಮ್ನೆ ನಿಂತಿರಕ್ಕಾಗುತ್ತಾ? ಬಂದ ಹಿರಿಯರಿಗೆಲ್ಲ ಬಗ್ಗಬೇಕು. ಬೆನ್ನಿನ ಹೊಲಿಗೆ ಅಲ್ಲೇ ಗೊತ್ತಾಗೋದು."

ಇದೆಲ್ಲ ಕಸುಬು, ಕಲಿಯಬಹುದು. ಅವರ ಇನ್ನೊಂದು ಅಭ್ಯಾಸ ಯಾರೂ ಹೇಳಿಕೊಟ್ಟದ್ದಲ್ಲ. ಎರಡು ಮನೆಯವರು ಒಟ್ಟಿಗೆ ಮೆಟ್ಟಿಲು ಹತ್ತಿ ಬಂದರೆ ಉಜ್ಜನಪ್ಪ ಮೊದಲು ಹುಡುಕುವುದು ಹೆಣ್ಣಿನ ತಂದೆಯನ್ನು. ಅವರು ಎಲ್ಲರಿಗಿಂತ ಹಿಂದೆ ಇರುತ್ತಾರೆ, ಕೋಟಿನ ಕಡೆ ನೋಡುವುದಿಲ್ಲ, ಒಂದು ಕೈ ಜೇಬಿನ ಮೇಲಿರುತ್ತದೆ. "ನೀರು ಕುಡೀರಿ ಯಜಮಾನ್ರೇ" ಎಂದು ಅವರನ್ನು ಮೂಲೆಯ ನೀರಿನ ಕ್ಯಾನಿನ ಹತ್ತಿರ ಕರೆದೊಯ್ಯುತ್ತಾರೆ. ಲೋಟ ಕೊಡುವಾಗ ತಗ್ಗಿದ ದನಿಯಲ್ಲಿ ಒಂದೇ ಪ್ರಶ್ನೆ. "ಎಲ್ಲಿ ತನಕ ಹೋಗ್ಬೋದು?" ಅವರು ಹೇಳಿದ ಗೆರೆಯನ್ನು ದಾಟಿದ ಒಂದು ಕೋಟೂ ಆಮೇಲೆ ಕೌಂಟರಿಗೆ ಬರುವುದಿಲ್ಲ. ಬರುವ ಕೋಟಿನ ಬೆಲೆಚೀಟಿಯನ್ನು ಬೆರಳಿನಿಂದ ತೋಳಿನೊಳಗೆ ತೂರಿಸಿಟ್ಟಿರುತ್ತಾರೆ. ಗಂಡಿನ ಕಡೆಯವರು "ಇದಕ್ಕಿಂತ ಮೇಲಿನದಿಲ್ವಾ?" ಎಂದರೆ, "ಈ ಹೆಗಲಿಗೆ ಇದೇ ಮೇಲಿನದು" ಎಂಬ ಉತ್ತರ.

ಹೊಳಲೂರಿನ ಭೈರಪ್ಪ ಎಂಬವರು ಒಮ್ಮೆ ಕ್ಯಾನಿನ ಮುಂದೆ ನಿಂತು ಒಂದಾದ ಮೇಲೊಂದು ಲೋಟ ನೀರು ಕುಡಿದರಂತೆ. ಬಾಯಿಬಿಡಲಿಲ್ಲ. ಉಜ್ಜನಪ್ಪನವರೂ ಮತ್ತೆ ಕೇಳಲಿಲ್ಲ, ತಾವೇ ಅಂದಾಜು ಮಾಡಿ ತಂದರು. ಸೂಟು ಚೆನ್ನಾಗಿಯೇ ಕೂತಿತು. ಒಂದೆರಡು ವರ್ಷ ಬಿಟ್ಟು ಭೈರಪ್ಪ ಮೊಮ್ಮಗಳ ನಾಮಕರಣಕ್ಕೆ ಕರೆಯಲು ಬಂದರು. "ಮದುವೆಗೆ ಕರೆಯೋದು ಮರೆತೇಬಿಟ್ಟಿದ್ದೆ ಕಣಪ್ಪ" ಎಂದು ಪೇಚಾಡಿಕೊಂಡರು.

ಈ ಅಭ್ಯಾಸಕ್ಕೆ ಮಾಲೀಕರು ಒಮ್ಮೆ ರೇಗಿದ್ದೂ ಉಂಟು. "ಗಿರಾಕಿ ಜೇಬು ಕಾಯಕ್ಕೆ ನಿಂಗೆ ನಾನು ಸಂಬಳ ಕೊಡ್ಬೇಕೇನಯ್ಯಾ?" ಉಜ್ಜನಪ್ಪ ತಲೆ ತಗ್ಗಿಸಿ ಬೈಸಿಕೊಂಡರು. ಮರುದಿನವೂ ಚೀಟಿ ತೋಳೊಳಗೇ ಇತ್ತು. ಒಮ್ಮೆ ಬಂದವರು ತಮ್ಮ ನೆಂಟರನ್ನೂ ಕಳಿಸತೊಡಗಿದ ಮೇಲೆ ಮಾಲೀಕರು ಸುಮ್ಮನಾದರು.

ಅಂಥ ಉಜ್ಜನಪ್ಪ ಶನಿವಾರ ಸಂಜೆ ಮಾಲೀಕರ ಮುಂದೆ ನಿಂತು ಎರಡು ಮಾತು ಕೇಳಿಕೊಂಡಿದ್ದಾರೆ. ಒಂದು, ನಾಳೆ ಅಂಗಡಿಯ ಯೂನಿಫಾರ್ಮ್ ಹಾಕುವುದಿಲ್ಲ. ಎರಡು, ಕೆಲಸದವರಿಗೆ ಕೊಡುವ ಡಿಸ್ಕೌಂಟು ಬಿಲ್ಲಿಗೆ ಬೇಡ.

"ತಲೆ ಕೆಟ್ಟಿದೆಯಾ ನಿಂಗೆ? ಅದು ನಿನ್ನ ಹಕ್ಕು ಮಾರಾಯ" ಎಂದರು ಮಾಲೀಕರು.

"ಹಕ್ಕು ಕೆಲಸದವನಿಗೆ ಸಾರ್. ನಾಳೆ ಒಂದು ದಿನ ನಾನು ಗಿರಾಕಿ."

ಅವರಿಗೆ ಬೇಕಾದದ್ದು ಇಷ್ಟೇ. ಅಳಿಯನ ಕಡೆಯವರ ಮುಂದೆ ಒಂದು ದಿನ, ಒಂದೇ ದಿನ, ಹೆಣ್ಣಿನ ತಂದೆಯಾಗಿ ನಿಲ್ಲುವುದು. ಬೇರೆ ಅಂಗಡಿಗೆ ಹೋಗಿದ್ದರೆ ಅದು ಸುಲಭವಿತ್ತು. "ಅಲ್ಲಿನ ಬಟ್ಟೆ ನಂಗೆ ಗೊತ್ತಿಲ್ಲ. ಗೊತ್ತಿಲ್ಲದ ಬಟ್ಟೆ ನನ್ನ ಅಳಿಯನ ಮೈಮೇಲೆ ಹೆಂಗೆ ಹಾಕಲಿ?" ಆ ಒಂದು ದಿನವನ್ನು ರುದ್ರೇಶ್ ಮೆಟ್ಟಿಲು ಹತ್ತಿದ ಕೂಡಲೇ ಕಿತ್ತುಕೊಂಡಿದ್ದಾರೆ. ತಿರುಗಿ ಒಂದು ಮಾತಾಡಿದರೆ ರವೀಂದ್ರನಗರದ ಬೀಗರ ಮನೆಯಲ್ಲಿ ನಾಳೆ ಅದು ನಾಲ್ಕಾಗುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ ಮುಗಿಸಿ ಬರುವ ಮಗಳಿಗೆ ಫೋನಿನಲ್ಲಿ ತಲುಪುತ್ತದೆ. ಅದಕ್ಕೇ ಆ ನಗು.

ಕೌಂಟರಿನ ಆಚೆ ಇವತ್ತು ಕವನಾ ಇದ್ದಾಳೆ. ಕೋಟಿನ ತೋಳು ಹಿಡಿಯುವುದರಿಂದ ಶುರುಮಾಡಿ ಉಜ್ಜನಪ್ಪನವರೇ ಎಲ್ಲ ಕಲಿಸಿದ ಹುಡುಗಿ. ದಿನವೂ "ಉಜ್ಜನಣ್ಣ" ಎನ್ನುವವಳು ಇವತ್ತು ಕೌಂಟರು ಬಳಸಿ ಬಂದು, ರುದ್ರೇಶ್ ಅವರ ನಗು ಇನ್ನೂ ಮುಗಿಯುವ ಮೊದಲೇ, "ಬನ್ನಿ ಸರ್, ನೀರು ಕುಡೀರಿ" ಎನ್ನುತ್ತಾಳೆ.

ಉಜ್ಜನಪ್ಪ ಹಿಂದೆ ತಿರುಗಿ ನೋಡುತ್ತಾರೆ, ಬೇರೆ ಯಾರನ್ನೋ ಕರೆದಳೇನೋ ಎಂದು.

ಮೂಲೆಯ ಕ್ಯಾನಿನ ಹತ್ತಿರ ಲೋಟ ಕೈಗಿಟ್ಟು ಅವಳು ತಗ್ಗಿದ ದನಿಯಲ್ಲಿ ಕೇಳುತ್ತಾಳೆ. "ಎಲ್ಲಿ ತನಕ ಹೋಗ್ಬೋದು ಸರ್?"

ಈ ಮಹಡಿಯ ಪ್ರತಿ ಕೋಟಿನ ಬೆಲೆ ಉಜ್ಜನಪ್ಪನವರ ಬಾಯಲ್ಲೇ ಇದೆ. ಒಂದು ಲೋಟ ಕುಡಿಯುತ್ತಾರೆ. ಇನ್ನೊಂದು ತುಂಬಿಸಿಕೊಳ್ಳುತ್ತಾರೆ. ಅವಳು ಗೋಡೆ ನೋಡುತ್ತಾ ಕಾಯುತ್ತಾಳೆ, ಅವರೇ ಕಲಿಸಿದ ಹಾಗೆ.

"ಕೇಳೋದು ಸುಲಭ ಇತ್ತು. ಹೇಳೋದು ಇಷ್ಟು ಭಾರ ಅಂತ ಇಷ್ಟು ವರ್ಷ ಗೊತ್ತಿರಲಿಲ್ಲ" ಎಂದು ಆಮೇಲೆ ಹೇಳುತ್ತಾರೆ. ಕೊನೆಗೂ ಹೇಳಿದ ಮೊತ್ತ ಅವರಿಬ್ಬರ ನಡುವೆಯೇ ಇರಲಿ. ಇಲ್ಲೂ ಅದನ್ನು ಬರೆಯುವುದಿಲ್ಲ.

ಕವನಾ ಮೂರು ಸೂಟು ತರುತ್ತಾಳೆ. ಮೂರರದ್ದೂ ಚೀಟಿ ಕಾಣುವುದಿಲ್ಲ. ರುದ್ರೇಶ್ ಕಾಲರ್ ತಿರುವುತ್ತಾರೆ, ಗುಂಡಿ ತಡಕುತ್ತಾರೆ, ಒಳಜೇಬಿಗೂ ಕೈ ಹಾಕುತ್ತಾರೆ. "ಏನಮ್ಮಾ, ರೇಟೇ ಇಲ್ವಲ್ಲ?"

"ಮೊದ್ಲು ಹೆಗಲು ನೋಡಣ ಸರ್" ಎನ್ನುತ್ತಾಳೆ ಕವನಾ.

ಮದುಮಗ ಪ್ರಣವ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಮೆತ್ತಗಿನ ಹುಡುಗ. ಮೊದಲನೆಯದರ ಹೆಗಲು ಜೋಲುತ್ತದೆ. "ಜೋಲಲಿ ಬಿಡಮ್ಮಾ, ದೊಡ್ಡದೇ ಕೊಡು. ಮದುವೆ ಆದ್ಮೇಲೆ ಊದ್ಕೋತಾನೆ. ಇವರಪ್ಪಂದೂ ಹಂಗೇ ಆಗಿದ್ದು" ಎನ್ನುತ್ತಾರೆ ಅವನ ತಾಯಿ. "ಅಮ್ಮಾ!" ಎಂದು ಹುಡುಗ ಕೆಂಪಾಗುತ್ತಾನೆ. ಎರಡನೆಯದು ಬಿಗಿ. ಮೂರನೆಯದು, ಕಡುನೀಲಿ, ಹೆಗಲಿಗೆ ಹೋಗಿ ತಾನಾಗಿ ಕೂರುತ್ತದೆ. ದೂರದಲ್ಲಿ ನಿಂತ ಉಜ್ಜನಪ್ಪನವರ ಕೈಬೆರಳುಗಳು ಗಾಳಿಯಲ್ಲೇ ಕಾಲರ್ ಸರಿಪಡಿಸುತ್ತವೆ. ತಕ್ಷಣ ಎರಡೂ ಕೈಯನ್ನು ಬೆನ್ನಿನ ಹಿಂದೆ ಕಟ್ಟಿಕೊಳ್ಳುತ್ತಾರೆ.

ಅವರಿಗೆ ಒಂದು ಆಸೆಯಿದೆ. ಕೇಳಿದರೆ ನಾಚುತ್ತಾರೆ. "ನಾನು ಆರಿಸಿಕೊಟ್ಟ ಸೂಟು ಟ್ರಯಲ್ ರೂಮಿನ ಕನ್ನಡಿ ತನಕ ನಂದು. ಆಮೇಲೆ ಕವರಿಗೆ ಹೋಗುತ್ತೆ, ಮೆಟ್ಟಿಲು ಇಳಿಯುತ್ತೆ. ಸ್ಟೇಜ್ ಮೇಲೆ, ಲೈಟ್ ಕೆಳಗೆ ಹೆಂಗೆ ಕಾಣುತ್ತೆ ಅಂತ ಒಂದೂ ನೋಡಿಲ್ಲ. ಇದೊಂದು ನೋಡ್ತೀನಿ. ಎದುರುಗಡೆ ಕುರ್ಚಿ ಹಾಕ್ಕೊಂಡು, ಮುಂದಿನಿಂದ."

ಕವನಾ ನಮಸ್ಕಾರದ ಪರೀಕ್ಷೆಗೆ ಬರುತ್ತಾಳೆ. "ಈಗ ಕೈಮುಗೀರಿ ಸರ್. ಹಾಗೇ ಬಗ್ಗಿ ನಮಸ್ಕಾರ ಮಾಡಿ."

"ಯಾರಿಗೆ?" ಎನ್ನುತ್ತಾನೆ ಪ್ರಣವ.

"ಎಲ್ಲರೂ ನೆಲಕ್ಕೆ ಮಾಡ್ತಾರೆ."

ಹುಡುಗ ಒಂದು ಗಳಿಗೆ ನೆಲ ನೋಡುತ್ತಾನೆ. ಆಮೇಲೆ ನಡೆದು ಬಂದು ಉಜ್ಜನಪ್ಪನವರ ಮುಂದೆ ನಿಂತು, ಬಗ್ಗಿ, ಪಾದ ಮುಟ್ಟುತ್ತಾನೆ. ಮಾವನ ಕೈ ಅಳಿಯನ ತಲೆಗೆ ಹೋಗಬೇಕು. ಹೋಗುವ ಮೊದಲು ಕಣ್ಣು ಬೆನ್ನಿನ ಹೊಲಿಗೆಗೆ ಹೋಗುತ್ತದೆ.

"ಹಿಗ್ಗಲಿಲ್ಲ" ಎಂದು ಗೊಣಗಿಕೊಳ್ಳುತ್ತಾರೆ. ಆಮೇಲೆ ತಲೆ ಮುಟ್ಟುತ್ತಾರೆ. ಮುಟ್ಟಿದ ಕೈ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ.

ಬಣ್ಣ ನೋಡುವುದೊಂದು ಬಾಕಿ. ಪ್ರಣವ ಎದ್ದು ತಿರುಗಿದಾಗ ಉಜ್ಜನಪ್ಪ ಅಭ್ಯಾಸಬಲದಿಂದ ಹಿಂದೆ ನಿಂತು ಅವನ ಕೋಟು ಬಿಚ್ಚಿ ತೆಗೆದುಕೊಳ್ಳುತ್ತಾರೆ. ರುದ್ರೇಶ್ ಇದಕ್ಕೇ ಕಾದಿದ್ದರು.

"ನೋಡ್ರಪ್ಪಾ, ಕೈ ಸುಮ್ನಿರಲ್ಲ! ಬೀಗರೇ, ಹೋಗ್ಲಿ, ಇದೊಂದು ಹೇಳ್ಬಿಡಿ. ಸ್ಟಾಫ್ ಡಿಸ್ಕೌಂಟು ಎಷ್ಟು ಬಿತ್ತು? ನಮ್ಮ ಹುಡುಗನ್ನ ಎಷ್ಟಕ್ಕೆ ಮುಗಿಸಿದ್ರಿ?"

ಈ ಸಲ ನಗು ಕಮ್ಮಿ. ಹುಡುಗನ ತಾಯಿ ಸೀರೆಯ ಸೆರಗು ನೋಡಿಕೊಳ್ಳುತ್ತಾರೆ. ಕ್ಯಾಶ್ ಕೌಂಟರಿನಲ್ಲಿ ಮಾಲೀಕರು ಎದ್ದೇ ನಿಲ್ಲುತ್ತಾರೆ. ಡಿಸ್ಕೌಂಟೇ ಬೇಡ ಅಂದದ್ದು ಅವರಿಗೆ ಗೊತ್ತು, ಹೇಳಿಬಿಡಲು ಬಾಯಿಯೂ ತೆರೆಯುತ್ತಾರೆ. ಉಜ್ಜನಪ್ಪ ಅವರ ಕಡೆ ನೋಡಿ ಬೇಡ ಎಂದು ಕಣ್ಣಲ್ಲೇ ಹೇಳುತ್ತಾರೆ.

ರುದ್ರೇಶ್ ಮತ್ತೆ ಕೇಳುತ್ತಾರೆ. "ಕೇಳಿಸ್ತಾ ಬೀಗರೇ? ಎಷ್ಟು?"

ತೋಳಿನ ತುದಿಯಲ್ಲಿ ಚೀಟಿಯ ಮೂಲೆ ಇಣುಕುತ್ತಿದೆ. ಉಜ್ಜನಪ್ಪ ಅದನ್ನು ಒಂದು ಬೆರಳಿನಿಂದ ಒಳಗೆ ತೂರಿಸುತ್ತಾರೆ. ಕೋಟನ್ನು ಮಡಿಕೆ ಬೀಳದ ಹಾಗೆ ಎಡಗೈ ಮೇಲೆ ಹಾಸಿಕೊಂಡು, ರಸ್ತೆಯ ಬಿಸಿಲಿನ ಕಡೆಗೆ ಮೆಟ್ಟಿಲಿಳಿದು ಹೋಗುತ್ತಾರೆ.