ಎಲ್ಲ ಏಳುವವರೆಗೆ

ನೆನೆಸಿದ ಅವರೆಕಾಳು ಹಿದುಕುತ್ತ ಕೂತಿದ್ದಾಗ ಶಾಲೆಯ ಮೇಡಂ ಫೋನ್ ಮಾಡಿದರು. ಮೂರನೇ ಕ್ಲಾಸಿನ ನನ್ನ ಮಗಳು ಪಕ್ಕದಲ್ಲಿ ಕೂರುವ ಗೆಳತಿಯ ಪೆನ್ಸಿಲ್ ಕಿತ್ತುಕೊಳ್ಳಲು ಹೋಗಿ ಅವಳನ್ನು ತಳ್ಳಿದ್ದಳು. ಆ ಮಗುವಿನ ಹುಬ್ಬು ಬೆಂಚಿನ ಅಂಚಿಗೆ ತಗುಲಿ ಒಡೆದಿತ್ತು. ಸದ್ಯ, ಕಣ್ಣು ಉಳಿಯಿತಲ್ಲ ಎಂದು ಒದ್ದೆ ಕೈಯಲ್ಲೇ ಮನೆದೇವರ ಪಟಕ್ಕೆ ಮುಗಿದೆ.

"ಇನ್ಮೇಲೆ ಇಬ್ಬರನ್ನೂ ಜೊತೆಗೆ ಕೂರಿಸ್ಬೇಡಿ ಅಂತ ಅವರಮ್ಮ ಹೇಳಿದ್ದಾರೆ," ಎಂದರು ಮೇಡಂ.

ಸಂಜೆ ಆ ಮಗುವನ್ನು ನೋಡಿ ಬರಲು ಪಕ್ಕದ ಬೀದಿಗೆ ಹೋದೆ. ಅವಳ ತಾಯಿ ಕೂರಿ ಅನ್ನಲಿಲ್ಲ. ತಪ್ಪೇನಲ್ಲ.

ಹಿದುಕಿದ ಬೇಳೆ ಸಾರು ಮಾಡಿದ ದಿನ ತಟ್ಟೆ ನೆಕ್ಕುವ ನನ್ನ ಮಗಳು ಆ ರಾತ್ರಿ ಊಟ ಬೇಡವೆಂದಳು.

"ಬೇಕೂಂತ ತಳ್ಳಿದ್ಯಾ?"

"ಇಲ್ಲ ಕಣವ್ವ. ಕೈ ಹೋಗ್ಬುಡ್ತು. ಆಮೇಲೆ ಗೊತ್ತಾಯ್ತು."

"ಬೆನ್ಮೇಲೆ ಎರಡು ಬುಟ್ರೆ ಮೊದ್ಲೇ ಗೊತ್ತಾಯ್ತದೆ," ಎಂದರು ಅತ್ತೆ.

ನಾನು ಹೊಡೆಯಲಿಲ್ಲ. ಅವಳು ಹೇಳಿದ್ದು ಸುಳ್ಳು ಅನ್ನಿಸಲಿಲ್ಲ. "ಇನ್ನು ನನ್ ಪಕ್ಕ ಅವ್ಳು ಕೂರೋದೇ ಇಲ್ವಾ?" ಎಂದು ಕೇಳಿದಳು.

ಆಗ ಮನೆಯಲ್ಲಿ ರೇಷ್ಮೆಹುಳುಗಳು ಮೂರನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದನ್ನೇ ಜ್ವರ ಎನ್ನುತ್ತೇವೆ. ಪೊರೆ ಬಿಟ್ಟು ಮೊದಲು ಎದ್ದವಕ್ಕೆ ಸೊಪ್ಪು ಹಾಕಿದರೆ ಅವು ಬೆಳೆದುಬಿಡುತ್ತವೆ, ಉಳಿದವು ಹಿಂದೆ ಬೀಳುತ್ತವೆ. ಹಿಂದಿನ ಬೆಳೆಯಲ್ಲಿ ನನ್ನ ಮಗಳು, ಪಾಪ ಹಸಿದಿವೆ ಎಂದು ಒಂದು ಹಿಡಿ ಎರಚಿದ್ದಕ್ಕೆ, ಆ ಬಿದಿರು ತಟ್ಟೆಯ ಹುಳುಗಳೆಲ್ಲ ಸಣ್ಣವು ದೊಡ್ಡವು ಆಗಿಹೋಗಿದ್ದವು.

ಈ ಸಲ ಅವಳನ್ನೇ ಕಾವಲಿಗೆ ಕೂರಿಸಿದೆ. "ಎಲ್ಲ ಎದ್ಮೇಲೆ ಕೂಗು. ಸೊಪ್ಪು ನೀನೇ ಹಾಕೀವಂತೆ."

ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಒಂದು ಎಲೆ ಎತ್ತಿಕೊಂಡಳು, ಮೂಸಿದಳು, ಇಟ್ಟಳು. ಕೈಗಳ ಮೇಲೇ ಕೂತಳು. ಮತ್ತೆ ಎದ್ದಳು. ಕೊನೆಗೆ ಗೋಡೆಗೆ ಮುಖ ಮಾಡಿ, ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು, ನಾನು ದೀಪ ಹಚ್ಚುವಾಗ ಹೇಳುವ ಭಜನೆ ಶುರುಮಾಡಿದಳು.

"ಗೋಡೇಲಿ ಏನೈತವ್ವ?" ಎಂದೆ ಒಳಗೆ ಬಂದು.

"ಸೊಪ್ಪು ಕಂಡ್ರೆ ಕೈ ಹೋಯ್ತದೆ. ಕಾಣ್ದೆ ಇದ್ರೆ ಸುಮ್ಕಿರ್ತದೆ."

ಮಗಳಿಗೆ ತಾಳ್ಮೆ ಕೊಡಪ್ಪ ಎಂದು ಎಷ್ಟೋ ಶನಿವಾರ ಬೇಡಿಕೊಂಡಿದ್ದೆ. ಅದು ಹೀಗೆ ಬೆನ್ನು ತಿರುಗಿಸಿಕೊಂಡು ಬಂದೀತು ಎಂದುಕೊಂಡಿರಲಿಲ್ಲ. ಆ ದಿನ ತಟ್ಟೆಯ ಹುಳುಗಳೆಲ್ಲ ಒಂದೇ ಸಮ ಎದ್ದು ಮೇದವು. ಹಾಗಂತ ಅವಳೇನೂ ಬದಲಾಗಿಬಿಡಲಿಲ್ಲ. ಮಾರನೆಯ ದಿನವೇ ಅಜ್ಜಿಯ ಕೈಯಿಂದ ಬೆಲ್ಲ ಕಿತ್ತುಕೊಂಡು ಓಡಿದಳು.

ಹುಳುಗಳು ಗೂಡು ಕಟ್ಟುವ ಹೊತ್ತಿಗೆ, ಒಂದು ಸಂಜೆ ಆ ಗೆಳತಿಯ ತಾಯಿ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಮಗಳನ್ನೂ ಕರೆತಂದಿದ್ದರು. ನನ್ನ ಮಗಳು ಒಂದೇ ಓಟಕ್ಕೆ ಬಂದಳು. ಆ ಮಗು ತಾಯಿಯ ಸೆರಗಿನ ಹಿಂದೆ ಸೇರಿಕೊಂಡಿತು. ಎಳೆದುಕೊಳ್ಳಲು ಇವಳ ಕೈ ಮೇಲೆದ್ದಿತ್ತು. ಅಷ್ಟರಲ್ಲಿ ಕೈ ಕಂಕುಳಿಗೆ ಹೋಯಿತು, ಮುಖ ಗೋಡೆಗೆ ತಿರುಗಿತು.

ಸ್ವಲ್ಪ ಹೊತ್ತಿಗೆ ಆ ಮಗು ತಾನೇ ಸೆರಗು ಬಿಟ್ಟು ಬಂದಿತು.

"ಅಲ್ಲೇನೇ ನೋಡ್ತಿದೀಯ?"

"ಏನೂ ಇಲ್ಲ. ನೀನು ಬರ್ಲಿ ಅಂತ."

"ಬಂದಿದೀನಿ, ತಿರುಗು."

ಅವಳ ತಾಯಿ ನನ್ನ ಮುಖ ನೋಡಿ ನಕ್ಕರು. "ನಾಳೆಯಿಂದ ಜೊತೇಲೇ ಕೂತ್ಕಳ್ಲಿ ಬುಡಿ, ಮೇಡಂಗೆ ನಾನೇ ಹೇಳ್ತೀನಿ."

"ಪೆನ್ಸಿಲ್ ಮಾತ್ರ ಕೊಡಕಿಲ್ಲ," ಎಂದಿತು ಆ ಮಗು.

ಅವರ ಲೋಟಕ್ಕೆ ಮೊಸರು ಹಾಕಿಕೊಟ್ಟ ಮೇಲೆ ತಳದಲ್ಲಿ ಒಂದು ಚಮಚದಷ್ಟು ಉಳಿದಿತ್ತು. ನಮಗೆ ಅಷ್ಟು ಸಾಕು. ಒಳಗೆ ಹೋಗಿ, ಹಾಲು ಉಗುರುಬೆಚ್ಚಗಿದೆಯೇ ಎಂದು ಬೆರಳಿಟ್ಟು ನೋಡಿ, ಹೆಪ್ಪು ಹಾಕಿದೆ.