ಅಕ್ಕ ಸಹಿ ಹಾಕದ ಅರ್ಜಿ

ಇವತ್ತು ಬೆಳಗ್ಗೆ ಚಾ ಕುಡಿಯುತ್ತಿದ್ದಾಗ ಮೊಬೈಲಿಗೊಂದು ಸಂದೇಶ ಬಂತು. ನಾಳೆ ನಾನು ಮುಂಬಯಿಗೆ ಹೋಗಬೇಕಿದ್ದ ರೈಲು ರದ್ದಾಗಿದೆ. ದಾರಿಯಲ್ಲೆಲ್ಲೋ ಗುಡ್ಡ ಜರಿದಿದೆಯಂತೆ. ಟಿಕೇಟಿನ ಹಣ ತಾನಾಗಿಯೇ ಖಾತೆಗೆ ಬರುತ್ತದೆ, ಅರ್ಜಿ ಹಾಕಬೇಕಾಗಿಲ್ಲ ಎಂದು ಕೆಳಗೆ ಬರೆದಿತ್ತು. ಅರ್ಜಿಯೇ ಬೇಡವಂತೆ! ನನ್ನಂಥವನಿಗೆ ಇದು ಎಷ್ಟು ಸಪ್ಪೆ ಸುದ್ದಿ ಎಂದು ನಿಮಗೆ ಹೇಗೆ ತಿಳಿಯಬೇಕು?

ಮಂಗಳೂರಿನ ಹಂಪನಕಟ್ಟೆಯಲ್ಲಿ ಬಹಳ ವರ್ಷ ಜೆರಾಕ್ಸ್ ಅಂಗಡಿ ಇಟ್ಟವನು ನಾನು. ಊರವರ ಅರ್ಜಿಗಳಿಗೆ ಮೂರು ಮೂರು ಪ್ರತಿ ತೆಗೆಯುತ್ತ ಅರ್ಜಿಯ ಹುಚ್ಚು ನನಗೂ ಹಿಡಿಯಿತು. ಅದರಲ್ಲೂ ರೈಲಿನದ್ದು. ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ ನೀವು ಹತ್ತದೆ ಉಳಿದರೆ ಏನು, ಎಸಿ ಕೆಟ್ಟರೆ ಏನು, ಅರ್ಧ ದಾರಿಯಲ್ಲಿ ಗಾಡಿ ನಿಂತುಬಿಟ್ಟರೆ ಏನು, ಹಣ ವಾಪಸು ಪಡೆಯುವ ನಿಯಮವೆಲ್ಲ ನನಗೆ ಬಾಯಿಪಾಠ. ಜೆಪ್ಪುವಿನ ನಮ್ಮ ಓಣಿಯಲ್ಲಿ ಯಾರ ಪ್ರಯಾಣ ಕೆಟ್ಟರೂ ನನ್ನ ಬಳಿಗೆ ಬರುತ್ತಿದ್ದರು. ಬಾರದಿದ್ದರೆ ನಾನೇ ಹೋಗುತ್ತಿದ್ದೆ. "ಯಾರದ್ದಾದ್ರೂ ರೈಲು ಸರಿಯಾದ ಟೈಮಿಗೆ ಬಂದ್ರೆ ಇವರಿಗೆ ಊಟ ಸೇರುದಿಲ್ಲ" ಎಂದು ನನ್ನ ಹೆಂಡತಿ ಬಂದವರೆದುರು ಹೇಳುವುದುಂಟು.

ನನ್ನ ಅಕ್ಕ ಮಾತ್ರ ಈ ಹುಚ್ಚಿಗೆ ಸೊಪ್ಪು ಹಾಕಿದವಳಲ್ಲ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು. ನಾನು ಶಾಲೆಯಲ್ಲಿರುವಾಗಲೇ ಮದುವೆಯಾಗಿ ಮುಂಬಯಿಗೆ ಹೋದಳು. ಅಲ್ಲಿ ಭಾವನದ್ದೊಂದು ಸಣ್ಣ ಹೋಟೆಲು. ವರ್ಷಕ್ಕೊಮ್ಮೆ ನಾಲ್ಕು ದಿನಕ್ಕೆ ಊರಿಗೆ ಬಂದರೆ ಅದರಲ್ಲಿ ಎರಡು ಮದುವೆ, ಒಂದು ಭೂತದ ಕೋಲ, ಉಳಿದದ್ದು ನೆಂಟರ ಮನೆ. ಬೇರೆಯವರ ಚಪ್ಪರದ ಅಡಿಯಲ್ಲಿ, ಊಟದ ಸಾಲಿನ ಆಚೆ ಬದಿಯಿಂದ ನಾನು ಅವಳನ್ನು ನೋಡಿದ್ದೇ ಹೆಚ್ಚು.

ಆರು ವರ್ಷದ ಹಿಂದೆ ಅವಳು ಜೋರು ಮಳೆಯ ಆಟಿ ತಿಂಗಳಲ್ಲಿ ಬಂದಿದ್ದಳು. ಮಂಡಿನೋವು ಇದ್ದುದರಿಂದ ಮುಂಬಯಿವರೆಗೆ ಬಿಟ್ಟುಬರಲು ನಾನೂ ಹೊರಟೆ. ಬೆಳಗ್ಗೆ ಕಣ್ಣು ಬಿಟ್ಟಾಗ ಗಾಡಿ ಕೊಂಕಣದ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ನಿಂತಿತ್ತು. ಮುಂದೆ ಹಳಿಯ ಮೇಲೆ ಮಣ್ಣು ಬಿದ್ದಿದೆ, ಯಾವಾಗ ಸರಿಯಾಗುತ್ತದೋ ಗೊತ್ತಿಲ್ಲ ಎಂದು ಸ್ಟೇಷನ್ ಮಾಸ್ಟರು ಎಲ್ಲರಿಗೂ ಸಮಾಧಾನದಿಂದಲೇ ಹೇಳುತ್ತಿದ್ದರು. ನನ್ನ ಕಿವಿ ನೆಟ್ಟಗಾಯಿತು. ಚೀಲದಿಂದ ನೋಟ್ ಪುಸ್ತಕ ತೆಗೆದೆ.

ಅಕ್ಕ ಬನ್ಸಿನ ಡಬ್ಬ ಹಿಡಿದುಕೊಂಡು ಕೆಳಗಿಳಿದು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತಳು.

"ಬಾ, ಇಲ್ಲಿ ಕೂತುಕೋ ಮಾರಾಯ. ಎಂತ ಚಂದದ ಗಾಳಿ ಉಂಟು ನೋಡು."

"ಎರಡು ನಿಮಿಷ ಅಕ್ಕ. ನಾಲ್ಕು ಜನರ ಸಹಿ ತಗೊಂಡು ಬರ್ತೇನೆ."

ಬೋಗಿಯಿಂದ ಬೋಗಿಗೆ ಹತ್ತಿ ಇಳಿದೆ. ಹೆಸರು, ಸೀಟ್ ನಂಬರ್, ಫೋನ್ ನಂಬರ್, ಆದ ತೊಂದರೆ, ಸಹಿ. ಒಬ್ಬರು ನನ್ನನ್ನು ಟಿಕೇಟು ನೋಡುವವನೆಂದುಕೊಂಡು ಎದ್ದು ಕೂತರು. ಒಬ್ಬ ಅಜ್ಜ ಯಾವ ಚುನಾವಣೆ ಎಂದು ಕೇಳಿದರು. ನೀರಿನ ನಳ್ಳಿಯ ಹತ್ತಿರ ಒಬ್ಬ ಹೆಂಗಸು ಅಳುತ್ತ ನಿಂತಿದ್ದರು. ನಮ್ಮ ಮಂಗಳೂರಿನದೇ ಕಾವೂರಿನವರು, ಹೆಸರು ಶಶಿಕಲಾ. ಆ ಸಂಜೆ ಮುಂಬಯಿಯಿಂದ ವಿಮಾನ ಹಿಡಿದು ಗಲ್ಫಿನಲ್ಲಿರುವ ಗಂಡನ ಬಳಿಗೆ ಹೋಗಬೇಕಿತ್ತು. ವಿಮಾನ ತಪ್ಪುವುದು ಖಂಡಿತ. ನಿಮ್ಮಲ್ಲಿ ಮುಚ್ಚಿಡುವುದೇಕೆ, ಕೇಳಿ ನನಗೆ ಖುಷಿಯಾಯಿತು. "ನಿಮ್ಮದು ಗಟ್ಟಿ ಕೇಸು" ಎಂದೆ. ಆಕೆ ಇನ್ನೂ ಜೋರಾಗಿ ಅತ್ತರು.

ಅಕ್ಕ ಎದ್ದು ಬಂದು ಅವರ ಕೈಹಿಡಿದು ಕರೆದುಕೊಂಡು ಹೋಗಿ ಬೆಂಚಿನಲ್ಲಿ ಕೂರಿಸಿದಳು. ಆಮೇಲೆ ನಾನು ಆ ಕಡೆ ಹಾದಾಗಲೆಲ್ಲ ಇಬ್ಬರದೂ ಮಾತು ನಡೆದೇ ಇತ್ತು. ಒಮ್ಮೆ ಅಕ್ಕ ನನ್ನತ್ತ ಬೆರಳು ತೋರಿಸಿ ಏನೋ ಹೇಳಿದಳು, ಶಶಿಕಲಾ ಹೊಟ್ಟೆ ಹಿಡಿದುಕೊಂಡು ನಕ್ಕರು. ತೊಂದರೆಗೊಳಗಾದ ಪ್ರಯಾಣಿಕರು ಹೀಗೆ ನಗುತ್ತ ಕೂತರೆ ನಾಳೆ ಯಾರು ನಂಬುತ್ತಾರೆ ಎಂಬುದು ನನ್ನ ಚಿಂತೆ.

ಸಂಜೆ ಗಾಡಿಯನ್ನು ವಾಪಸು ಮಂಗಳೂರಿಗೆ ತಿರುಗಿಸಿದರು. ಸಹಿ ಹಾಕುವಾಗ ಶಶಿಕಲಾ ಹೇಳಿದರು: "ನಿಮ್ಮ ಅಕ್ಕ ಎಷ್ಟು ಚಂದ ಮಾತಾಡ್ತಾರೆ! ವಿಮಾನ ತಪ್ಪಿದ್ದೇ ನನಗೆ ಮರ್ತುಹೋಯ್ತು." ಫೋನ್ ನಂಬರನ್ನು ಸ್ವಲ್ಪ ಬಿಡಿಸಿ ಬರೆಯಿರಿ ಎಂದೆ ನಾನು.

ಟಿಕೇಟಿನ ಹಣವೇನೋ ಪೂರ್ತಿ ಬಂತು. ಆದರೆ ನನಗೆ ಅದು ಸಾಲದು, ಪಟ್ಟ ಕಷ್ಟಕ್ಕೆ ಪರಿಹಾರ ಬೇಕು. ಜೊತೆಗಿದ್ದವರ ಪ್ರಮಾಣಪತ್ರ ಇದ್ದರೆ ಒಳ್ಳೆಯದೆಂದು ಪರಿಚಯದ ವಕೀಲರು ಹೇಳಿದ್ದರಿಂದ ಅಕ್ಕನ ಹೆಸರಿನಲ್ಲಿ ನಾನೇ ಒಂದನ್ನು ಟೈಪು ಮಾಡಿದೆ. 'ಸದರಿ ದಿನ ನಾನು ತೀವ್ರ ಮಾನಸಿಕ ಹಾಗೂ ದೈಹಿಕ ಯಾತನೆ ಅನುಭವಿಸಿರುತ್ತೇನೆ.' ಇನ್ನೂ ನಮ್ಮ ಮನೆಯಲ್ಲೇ ಇದ್ದ ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ಯಾರಿಗೆ ಯಾತನೆ?"

"ನಿನಗೆ. ಬೆಳಗ್ಗಿಂದ ಸಂಜೆವರೆಗೆ ಬೆಂಚಿನಲ್ಲಿ ಕೂತಿದ್ದಿಯಲ್ಲ."

"ಮದುವೆ ಆಗಿ ಹೋದ ಮೇಲೆ ನಿನ್ನ ಜೊತೆ ನನಗೆ ಒಂದು ಇಡೀ ದಿನ ಸಿಕ್ಕಿದ್ದು ಅದೊಂದೇ. ಅದನ್ನು ಯಾತನೆ ಅಂತ ಬರೆದು ಕೊಡ್ಬೇಕಾ?"

"ಅದೆಲ್ಲ ಕೋರ್ಟಿನಲ್ಲಿ ನಡೆಯುದಿಲ್ಲ ಅಕ್ಕ. ಒಂದು ಸಹಿ, ಅಷ್ಟೇ."

"ಸುಳ್ಳಿಗೆ ನಾನು ಸಹಿ ಹಾಕುದಿಲ್ಲ" ಎಂದು ಕಾಗದ ಮಡಚಿ ನನ್ನ ಕೈಗಿಟ್ಟಳು. ನನಗೆ ಸಿಟ್ಟು ಬಂತು. ಎರಡು ದಿನ ಮುಖ ಊದಿಸಿಕೊಂಡು ತಿರುಗಿದೆ. ಮೂರನೆಯ ದಿನ ಅವಳು ಪರಿಚಯದವರ ಜೊತೆ ಬಸ್ಸು ಹತ್ತಿದಳು. ಪರಿಹಾರದ ಅರ್ಜಿ ಅಲ್ಲಿಗೇ ನಿಂತಿತು.

ಹೋದ ವರ್ಷ ಅಕ್ಕ ತೀರಿಕೊಂಡಳು. ನಾಳೆ ನಾನು ಹೊರಡಬೇಕಿದ್ದುದು ಅವಳ ಮಗಳನ್ನು ನೋಡಿಬರಲು. ಬೆಳಗ್ಗಿನ ಸಂದೇಶ ಓದಿದ ಮೇಲೆ ಚಾ ಆರಿಹೋಗುವವರೆಗೂ ಆ ಸ್ಟೇಷನ್ನಿನದ್ದೇ ಯೋಚನೆ. ನನಗೆ ಆ ದಿನ ವಾಪಸು ಬೇಕು. ಹಳಿಯ ಮೇಲೆ ಬಿದ್ದ ಮಣ್ಣು ಪುಕ್ಕಟೆಯಾಗಿ ಕೊಟ್ಟ ಒಂದು ದಿನವನ್ನು ಅಕ್ಕ ಕೈತುಂಬ ತೆಗೆದುಕೊಂಡಳು, ನಾನು ನಷ್ಟವೆಂದು ಬರೆದುಕೊಂಡೆ. ಅವಳು ನನಗೆ ಹೇಳಬಹುದಾಗಿದ್ದ ಮಾತನ್ನೆಲ್ಲ ಕೇಳಿಸಿಕೊಂಡವರು ಬೇರೆ ಯಾರೋ ಒಬ್ಬರು.

ಹಾಗೆ ಅಂದುಕೊಂಡಾಗಲೇ ಹೊಳೆದದ್ದು. ಕಪಾಟಿನಲ್ಲಿ ಆ ಸಹಿಗಳ ಪಟ್ಟಿ ಇನ್ನೂ ಇತ್ತು. ಕಾಗದ ಎಸೆಯುವವನು ನಾನಲ್ಲ. ನಂಬರು ಬಿಡಿಬಿಡಿಯಾಗಿ ಬರೆದಿತ್ತು. ಹತ್ತು ಸಲ ಯೋಚಿಸಿ ಫೋನು ಮಾಡಿದೆ.

"ನಿಮಗೆ ನೆನಪಿರ್ಲಿಕ್ಕಿಲ್ಲ. ಆರು ವರ್ಷದ ಹಿಂದೆ ರೈಲಿನಲ್ಲಿ..."

"ಅಯ್ಯೋ, ಸಹಿಯವರಾ!" ಶಶಿಕಲಾ ನಕ್ಕರು. ಈಗ ಊರಿಗೇ ಬಂದು ಕಾವೂರಿನಲ್ಲಿದ್ದಾರಂತೆ. "ಅಕ್ಕ ಹೇಗಿದ್ದಾರೆ?"

"ಅಕ್ಕ ಹೋದ ವರ್ಷ ತೀರಿಹೋದ್ಳು."

ಆ ಕಡೆ ಕುಕ್ಕರು ಕೂಗುತ್ತಿತ್ತು. ಅವರು ಒಲೆ ಆರಿಸಿದ್ದು ಕೇಳಿಸಿತು.

"ಆವತ್ತು ಅವಳು ಎಂತ ಹೇಳಿದ್ದು ನಿಮ್ಮ ಹತ್ರ?" ಎಂದೆ. "ನಾನು ಕೇಳ್ಲಿಲ್ಲ."

"ತುಂಬ ಉಂಟು. ಎಲ್ಲ ನಿಮ್ಮದೇ, ಸಣ್ಣದಿರುವಾಗಿನದ್ದು. ಫೋನಿನಲ್ಲಿ ಮುಗಿಯುವಂಥದ್ದಲ್ಲ. ಮನೆಗೇ ಬನ್ನಿ. ನಿಮಗೆ ಪುರುಸೊತ್ತು ಉಂಟಾ?"

"ಉಂಟು" ಎಂದೆ. "ನಾಳೆ ಇಡೀ ದಿನ ಉಂಟು."