ಹನುಮಂತರಾಜು ಅವರ ನಾಟಕ ಮತ್ತು ನಾನು ಲಗತ್ತಿಸಿದ ಕಾಗದ

೨೦೦೩ರಲ್ಲಿ ನಾನು ಪೀಣ್ಯದಲ್ಲಿ ನೀರಿನ ಪಂಪುಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ವೆಲ್‌ಫೇರ್ ಆಫೀಸರ್ ಆಗಿದ್ದೆ. ದೊಡ್ಡ ಕಾರ್ಖಾನೆಗಳಲ್ಲಿ ಇಂಥ ಅಧಿಕಾರಿ ಇರಲೇಬೇಕೆಂದು ಕಾನೂನು ಹೇಳುತ್ತದೆ. ನಮ್ಮಲ್ಲಿ ಐನೂರ ನಲವತ್ತು ಕಾರ್ಮಿಕರಿದ್ದರು. ಕ್ಯಾಂಟೀನಿನ ಅನ್ನ ಸರಿಯಾಗಿ ಬೆಂದಿದೆಯೇ ಎಂಬುದರಿಂದ ಹಿಡಿದು ಬೆರಳು ಕಳೆದುಕೊಂಡವರ ಪರಿಹಾರದವರೆಗೆ ಎಲ್ಲವೂ ನನ್ನ ಮೇಜಿಗೆ ಬರುತ್ತಿತ್ತು. ರಾಜ್ಯೋತ್ಸವದ ಕಾರ್ಯಕ್ರಮವೂ ನನ್ನದೇ ಜವಾಬ್ದಾರಿ.

ಆ ಕಾರ್ಯಕ್ರಮದ ಜೀವಾಳವೇ ಹನುಮಂತರಾಜು. ಹತ್ತಿರದ ಮಾಕಳಿ ಹಳ್ಳಿಯವರು, ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಟರ್ನರ್, ವಯಸ್ಸು ಮೂವತ್ತಾರು. ಊರಿನ ಪೌರಾಣಿಕ ನಾಟಕಗಳಲ್ಲಿ ರಾಜನ ಪಾತ್ರವೆಂದರೆ ಅವರೇ. ಪ್ರತಿ ನವೆಂಬರಿನಲ್ಲಿ ನಮ್ಮ ಕಾರ್ಖಾನೆಯ ನಾಟಕವನ್ನೂ ಅವರೇ ಬರೆದು ಆಡಿಸುತ್ತಿದ್ದರು.

ಆ ವರ್ಷ ಜುಲೈನಲ್ಲಿ ಜ್ವರವೆಂದು ಮೂರು ವಾರ ಬರಲಿಲ್ಲ. ಬಂದ ದಿನ ನೇರವಾಗಿ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಆಸ್ಪತ್ರೆಯ ರಿಪೋರ್ಟನ್ನು ಮೇಜಿನ ಮೇಲಿಟ್ಟು, "ನಿಮಗೊಬ್ರಿಗೇ ಹೇಳ್ತಿರೋದು ಮೇಡಂ. ಊರಲ್ಲಿ ನನ್ನ ಹೆಂಡ್ತಿ ಬಿಟ್ರೆ ಯಾರಿಗೂ ಗೊತ್ತಿಲ್ಲ," ಎಂದರು. ಎಚ್‌ಐವಿ ಪಾಸಿಟಿವ್. ಏಡ್ಸ್ ಎಂಬ ಪದವನ್ನು ಜನ ಅಕ್ಕಪಕ್ಕ ನೋಡಿ ಹೇಳುತ್ತಿದ್ದ ಕಾಲವದು. ಧೈರ್ಯ ಹೇಳಿ ಕಳುಹಿಸಿದೆ.

ಆಮೇಲೆ ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಹದಿನೈದು ದಿನಕ್ಕಿಂತ ಹೆಚ್ಚಿನ ರಜೆಗೆ ವೈದ್ಯಕೀಯ ದಾಖಲೆ ಲಗತ್ತಿಸಬೇಕೆಂಬುದು ನಮ್ಮ ನಿಯಮ. 'ಅನಾರೋಗ್ಯ' ಎಂದಷ್ಟೇ ಬರೆದ ಚೀಟಿಯೊಂದನ್ನು ವೈದ್ಯರಿಂದ ತರಿಸಿಕೊಂಡಿದ್ದರೆ ಸಾಕಿತ್ತು. ನಾನು ಯೋಚಿಸಲಿಲ್ಲ. ರಿಪೋರ್ಟಿನ ಪ್ರತಿಯನ್ನೇ ರಜೆ ಅರ್ಜಿಗೆ ಪಿನ್ ಮಾಡಿ ಸಿಬ್ಬಂದಿ ವಿಭಾಗಕ್ಕೆ ಕಳುಹಿಸಿಬಿಟ್ಟೆ. ದ್ವೇಷದಿಂದಲ್ಲ, ಅಭ್ಯಾಸದಿಂದ.

ಮೂರೇ ದಿನಗಳಲ್ಲಿ ಕಾರ್ಖಾನೆಗೆಲ್ಲ ಗೊತ್ತಾಯಿತು. ಕ್ಯಾಂಟೀನಿನಲ್ಲಿ ಅವರ ತಟ್ಟೆ ಲೋಟ ಬೇರೆಯಾದವು. ಅವರು ಕೂತ ಬೆಂಚಿನಿಂದ ಜನ ಎದ್ದು ಹೋಗುತ್ತಿದ್ದರು. ಆಗಸ್ಟ್ ಕೊನೆಗೆ ಮ್ಯಾನೇಜರು ಅವರನ್ನು ಕರೆದು, ಹೇಳಿಕಳುಹಿಸುವವರೆಗೆ ಮನೆಯಲ್ಲೇ ಇರುವಂತೆ ಬಾಯಿಮಾತಿನಲ್ಲಿ ತಿಳಿಸಿದರು. ಸುದ್ದಿ ಹಬ್ಬಿಸಿದ್ದು ಆಸ್ಪತ್ರೆಯವರು ಎಂದು ಎಲ್ಲರೂ ನಂಬಿದ್ದರು. ನಾನು ಅದನ್ನು ತಿದ್ದಲಿಲ್ಲ.

ಅಕ್ಟೋಬರ್ ಮೊದಲ ವಾರ ಹನುಮಂತರಾಜು ಮತ್ತೆ ಬಂದರು. ಅಂಗಿ ಮೈಮೇಲೆ ಜೋತಾಡುತ್ತಿತ್ತು. ಕೈಯಲ್ಲೊಂದು ನೋಟ್‌ಬುಕ್. "ಈ ವರ್ಷದ ನಾಟಕ ಮೇಡಂ. ಪರ್ಮಿಷನ್ ಕೊಡಿ," ಎಂದರು.

ಅಲ್ಲೇ ಕೂತು ಓದಿದೆ. ರೋಗ ಬಂದ ಕಾರ್ಮಿಕನೊಬ್ಬ ತನ್ನ ಯಂತ್ರಕ್ಕಾಗಿ, ಔಷಧಿಗಾಗಿ, ಒಂದು ತಟ್ಟೆಗಾಗಿ ಹೋರಾಡುವ ಕಥೆ. ಅದರಲ್ಲಿ ರಿಪೋರ್ಟು ಬಸ್ಸಿನಲ್ಲಿ ಜೇಬಿನಿಂದ ಜಾರಿ ಬಿದ್ದು ಬಯಲಾಗುತ್ತದೆ. ಅಧಿಕಾರಿಯ ಪಾತ್ರವೇ ಇರಲಿಲ್ಲ.

"ಹನುಮಂತರಾಜು, ಇದು ನಡೆದದ್ದು ಹೀಗಲ್ಲ. ಕಾಗದ ಕಳಿಸಿದ್ದು ನಾನು," ಎಂದೆ.

"ಗೊತ್ತು ಮೇಡಂ. ಮ್ಯಾನೇಜರ್ ಮೇಜಿನ ಮೇಲಿದ್ದ ಅರ್ಜೀಲಿ ನಿಮ್ಮ ಸೈನ್ ನೋಡಿದೀನಿ."

"ಮತ್ತೆ ಇದ್ದ ಹಾಗೆ ಬರೀರಿ."

ಅವರು ತಲೆಯಾಡಿಸಿದರು. "ಒಬ್ಬರನ್ನ ತೋರಿಸಿ ಇವರೇ ಕೆಟ್ಟೋರು ಅಂದ್ರೆ ಎಲ್ರೂ ಚಪ್ಪಾಳೆ ತಟ್ಟಿ ಮನೆಗೋಗ್ತಾರೆ. ನಾಟಕ ಆಡ್ತಿರೋದು ನಿಮಗಲ್ಲ. ಬೆಂಚಿಂದ ಎದ್ದೋದ್ರಲ್ಲ, ಅವರಿಗೆ."

ಮ್ಯಾನೇಜರು ತಡೆಯದಿರಲೆಂದು ಕಥಾವಸ್ತುವಿನ ಜಾಗದಲ್ಲಿ 'ಸಾಮಾಜಿಕ' ಎಂದಷ್ಟೇ ಬರೆದು ಅನುಮತಿಗೆ ಸಹಿ ಹಾಕಿದೆ. ರೋಗಿಯ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ಬಣ್ಣ ಹಚ್ಚಿದರೂ ಜನ ನಿಜವೆಂದುಕೊಳ್ಳುತ್ತಾರೆಂಬ ಭಯ. ಕೊನೆಗೆ ಅವರೇ ನಿಂತರು. ಜೊತೆಗಾರನ ಪಾತ್ರಕ್ಕೆ ಚಿಕ್ಕಬಾಣಾವರದ ಫಿಟ್ಟರ್ ಗಿರೀಶ್ ಒಪ್ಪಿದರು. ಅವರು ಎರಡು ಮಕ್ಕಳ ತಂದೆ.

ನವೆಂಬರಿನ ಒಂದು ಶನಿವಾರ ಮಧ್ಯಾಹ್ನ, ಮೊದಲ ಪಾಳಿ ಬಿಟ್ಟ ಮೇಲೆ, ಕ್ಯಾಂಟೀನಿನ ಮುಂದಿನ ಶಾಮಿಯಾನದಲ್ಲಿ ನಾಟಕ ಶುರುವಾಯಿತು. ಎರಡನೇ ದೃಶ್ಯ ಕ್ಯಾಂಟೀನಿನದು. ಗಿರೀಶ್ ಬೆಂಚಿನ ಮೇಲೆ ಊಟಕ್ಕೆ ಕೂತಿದ್ದಾರೆ. ಹನುಮಂತರಾಜು ತಟ್ಟೆ ಹಿಡಿದು ಬಂದು, "ಇಲ್ಲಿ ಕೂತ್ಕೊಳ್ಳಲಾ?" ಎಂದರು. ನಾಟಕದ ಪ್ರಕಾರ ಗಿರೀಶ್ ಮಾತಿಲ್ಲದೆ ಎದ್ದು ಹೋಗಬೇಕು. ಅವರು ಏಳಲಿಲ್ಲ.

ಹನುಮಂತರಾಜು ಮಾತನ್ನು ಇನ್ನೊಮ್ಮೆ ಹೇಳಿದರು. ಗಿರೀಶ್ ತಲೆ ತಗ್ಗಿಸಿ ಕೂತೇ ಇದ್ದರು. "ಏಳೋ ಗಿರೀಶ, ಎದ್ದೋಗ್ಬೇಕು ನೀನು," ಎಂದು ಹನುಮಂತರಾಜು ಪಿಸುಗುಟ್ಟಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ಆಗಲ್ಲ ಕಣಣ್ಣ," ಎಂದರು ಗಿರೀಶ್. "ಒಂದ್ಸಲ ನಿಜವಾಗ್ಲೂ ಎದ್ದೋಗಿದೀನಿ. ಸಾಕು."

ಮುಂದಿನ ಮಾತೆಲ್ಲ ಆತ ಎದ್ದು ಹೋಗುವುದರ ಮೇಲೆಯೇ ನಿಂತಿತ್ತು. ಎಂದೂ ಮಾತು ಮರೆಯದ ನಟ ತಟ್ಟೆ ಹಿಡಿದು ಸುಮ್ಮನೆ ನಿಂತುಬಿಟ್ಟರು. ಆಮೇಲೆ ಪಕ್ಕದಲ್ಲಿ ಕೂತರು, ಮುಖ ಮುಚ್ಚಿಕೊಂಡು ಅತ್ತರು. ನಾಟಕ ಮುಂದುವರಿಯಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಮೈಕಿನ ಹತ್ತಿರ ಬಂದು ಹೇಳಿದ್ದು ಇಷ್ಟೇ: "ನನ್ನ ಮಷಿನ್ ನನಗೆ ಕೊಡ್ಸಿ. ಔಷಧಿ ಕೊಡ್ಸಿ. ನಿಮ್ ಜೊತೆ ಊಟಕ್ಕೆ ಕರೀರಿ."

ಸೋಮವಾರ ಯೂನಿಯನ್ನು ಮನವಿ ಬರೆಯಿತು. ಮುನ್ನೂರಕ್ಕೂ ಹೆಚ್ಚು ಸಹಿಗಳು. ಮೊದಲ ಸಹಿ ಗಿರೀಶ್ ಅವರದು. ಆಡಳಿತದವರು ಎರಡು ತಿಂಗಳು ಎಳೆದಾಡಿ, ಜನವರಿಯಲ್ಲಿ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವ ಆದೇಶಕ್ಕೆ ಸಹಿ ಹಾಕಿದರು. ಔಷಧಿ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆಗಳು ಅಂಗಡಿಯಲ್ಲಿದ್ದರೂ ಟರ್ನರನ ಸಂಬಳಕ್ಕೆ ಎಟುಕುತ್ತಿರಲಿಲ್ಲ. ಸರ್ಕಾರ ಇನ್ನೂ ಉಚಿತವಾಗಿ ಕೊಡಲು ಶುರುಮಾಡಿರಲಿಲ್ಲ.

ಆದೇಶವನ್ನು ನಾನೇ ಮಾಕಳಿಗೆ ಒಯ್ದೆ. ಅಷ್ಟರಲ್ಲಿ ಅವರಿಗೆ ಕ್ಷಯ ಹತ್ತಿತ್ತು. ಹೆಂಡತಿ ಲಕ್ಷ್ಮಮ್ಮ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಹನುಮಂತರಾಜು ಕಾಗದವನ್ನು ಎರಡು ಸಲ ಓದಿ, "ಯಾವ್ ಮಷಿನ್ನು?" ಎಂದು ಕೇಳಿದರು.

"ನಿಮ್ಮದೇ," ಎಂದೆ.

"ಸೋಮವಾರ ಬತ್ತೀನಿ ಮೇಡಂ."

ಆ ಸೋಮವಾರ ಬೆಳಿಗ್ಗೆ ಅವರು ತೀರಿಕೊಂಡರು. ಕಾರ್ಖಾನೆಯಿಂದ ಮಾಕಳಿಗೆ ಹೊರಟ ಎರಡು ಲಾರಿಗಳಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮೂರು ತಿಂಗಳಾಗುವ ಮೊದಲೇ ನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಮಾತ್ರೆಗಳನ್ನು ಉಚಿತವಾಗಿ ಕೊಡತೊಡಗಿದರು.

ಲಕ್ಷ್ಮಮ್ಮನವರಿಗೂ ಸೋಂಕಿತ್ತು. ಮಾತ್ರೆಗಾಗಿ ಅವರ ಹೆಸರು ಬರೆಸಲು ನಾನೇ ಕರೆದುಕೊಂಡು ಹೋದೆ. ಸರದಿಯಲ್ಲಿ ಕೂತಿದ್ದಾಗ ತಡೆಯಲಾಗದೆ, ಗಂಡನ ವಿಷಯ ಬಯಲಾಗಿದ್ದು ನನ್ನಿಂದ ಎಂದು ಹೇಳಿಬಿಟ್ಟೆ.

"ಗೊತ್ತು ಕಣವ್ವ, ಆವಾಗ್ಲೇ ಯೋಳಿದ್ರು," ಎಂದರು ಅವರು. "ಯಾರ್ ಕೇಳುದ್ರೂ ಬಾಯ್ಬುಡ್ಬ್ಯಾಡ, ಮೇಡಮ್ಮೋರ ಕೆಲ್ಸಕ್ಕೆ ಸಂಚಕಾರ ಬತ್ತದೆ ಅಂದಿದ್ರು."

ನಾನು ಮೂರು ದಿನವೂ ಕಾಯಲಾರದ ಗುಟ್ಟನ್ನು ನಂಬಿ ನನ್ನ ಕೈಗಿಟ್ಟ ಮನುಷ್ಯ, ನನ್ನ ಗುಟ್ಟನ್ನು ಸಾಯುವವರೆಗೆ ಕಾದಿದ್ದರು. ಅದಾದ ಮೇಲೆ ಹದಿನಾರು ವರ್ಷ ಕೆಲಸದಲ್ಲಿದ್ದೆ. ಯಾರ ವೈದ್ಯಕೀಯ ವರದಿಯನ್ನೂ ಕಡತಕ್ಕೆ ಸೇರಿಸಲಿಲ್ಲ. ವರದಿಯನ್ನು ಓದಿ, ಅರ್ಜಿಯ ಮೇಲೆ 'ಪರಿಶೀಲಿಸಿದೆ' ಎಂದು ಬರೆದು, ಕಾಗದವನ್ನು ತಂದವರ ಕೈಗೇ ವಾಪಸು ಕೊಡುತ್ತಿದ್ದೆ. ಕಾಗದದ ಹಿಂದೆ ಒಬ್ಬ ಮನುಷ್ಯನಿದ್ದಾನೆಂದು ಪಿನ್ನು ಚುಚ್ಚುವ ಮೊದಲು ನೆನೆಯುವುದು ಅಂಥ ಕಷ್ಟದ ಕೆಲಸವೇನಲ್ಲ. ಅದನ್ನು ಕಲಿಯಲು ನನಗೆ ಹನುಮಂತರಾಜು ಬೇಕಾದರು.